ಒಲೆ ಬೆವರಿದ ಚಿನ್ನ

ಹನೋರಾ ಕ್ವಿಲ್ಟಿ ಎದೆಯ ಮೇಲೆ ಚಿನ್ನದ ಪಿನ್ನು ಚುಚ್ಚಿಕೊಂಡು ಬೀದಿಗಿಳಿದ ಭಾನುವಾರ, ಬೌಲ್ಡರ್ ಊರಿನ ಬೇರೆ ಯಾವ ಹೆಂಗಸಿನ ಎದೆಯ ಮೇಲೂ ಗುಲಗಂಜಿ ತೂಕದ ಚಿನ್ನ ಇರಲಿಲ್ಲ.

ಮನೆಯಲ್ಲಿ ಇರಲಿಲ್ಲವೆಂದಲ್ಲ. ನಮ್ಮ ಗಣಿಯೂರುಗಳಲ್ಲಿ ಉಂಗುರಕ್ಕಿಂತ ಮೊದಲು ಪಿನ್ನು. ಕೈಗೆ ಸಿಕ್ಕ ಮೊದಲ ಚಿನ್ನವನ್ನು ಅಕ್ಕಸಾಲಿಗನ ಹತ್ತಿರ ಒಯ್ದು, ಪಿಕಾಸಿ ಸನಿಕೆಗಳನ್ನು ಅಡ್ಡಡ್ಡ ಇಟ್ಟಂತೆ ಮಾಡಿಸಿ, ನಡುವೆ ಒಂದು ಬಕೆಟ್ಟೋ ಎರಡು ಹೃದಯವೋ ಕೂರಿಸಿ, ಕೆಳಗೆ ಇಬ್ಬರ ಹೆಸರಿನ ಮೊದಲಕ್ಷರ ಕೊರೆಸಿ ಹುಡುಗಿಗೆ ಕೊಡುವುದು ವಾಡಿಕೆ. ಅದನ್ನು ಹಾಕಿಕೊಂಡು ಅವಳು ಒಂದು ಸಲ ಬೀದಿ ಸುತ್ತಿ ಬಂದರೆ ಮುಗಿಯಿತು, ಊರಿಗೆ ಡಂಗುರ ಸಾರಿದ ಹಾಗೆ. ಪಾದ್ರಿಯ ಕೆಲಸ ಆಮೇಲಿನದು.

ಆದರೆ ಆ ವರ್ಷ ಹೊಸ ಕಾನೂನು ಬಂದಿತ್ತು. ಚಿನ್ನ ಇಟ್ಟುಕೊಂಡವರೇ ಅದು ಕಳವಿನದಲ್ಲ ಎಂದು ತೋರಿಸಬೇಕು; ಕಳವಿನದು ಎಂದು ತೋರಿಸುವ ಕಷ್ಟ ಗಣಿ ಕಂಪನಿಗೆ ಬೇಡ. ಹೆಂಗಸರು ಪಿನ್ನುಗಳನ್ನು ಲಂಗದ ಅಂಚಿನಲ್ಲಿ ಹೊಲಿದರು, ಕೋಳಿಗೂಡಿನ ಕೆಳಗೆ ಹೂತರು. ಪಕ್ಕದ ಮನೆಯ ಮುದುಕಿ ಆನಿಸ್ ಪೆನ್‌ಹೇಲ್, ಪೊಲೀಸರ ಬೂಟಿನ ಸದ್ದು ಕೇಳಿ ತನ್ನ ಪಿನ್ನನ್ನು ನಾದಿದ ಹಿಟ್ಟಿನೊಳಗೆ ಒತ್ತಿ, ಗಾಬರಿಯಲ್ಲಿ ಮರೆತು, ಬ್ರೆಡ್ಡಾಗಿ ಸುಟ್ಟುಬಿಟ್ಟಿದ್ದಳು. ನಲವತ್ತು ವರ್ಷ ಹಿಂದೆ ಗಂಡ ಕೊಟ್ಟದ್ದು. ಅದನ್ನು ಹಲ್ಲಿನಲ್ಲಿ ಹುಡುಕಿಕೊಳ್ಳಬೇಕಾಯಿತು.

ಗಂಡಸರ ಪಾಡು ಇನ್ನೂ ಚೆಂದ. ಪಾಳಿ ಮುಗಿಸಿ ಮೇಲೆ ಬಂದವರನ್ನು ಗ್ರೇಟ್ ಮೆರಿಡಿಯನ್ ಗಣಿಯ ಬಟ್ಟೆ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ ಬೆತ್ತಲೆ ಮಾಡುತ್ತಿದ್ದರು. ಬಾಯಿ ತೆಗೆ, ನಾಲಿಗೆ ಎತ್ತು, ಬಗ್ಗು, ಕಾಲ್ಬೆರಳು ಬಿಡಿಸು. ಇದನ್ನು ನಿಲ್ಲಿಸಿ ಎಂದು ನಮ್ಮ ಸಂಘ ಕೇಳಿದಾಗಲೆಲ್ಲ ಮ್ಯಾನೇಜರ್ ಗಾರ್ಸೈಡ್‌ನದು ಒಂದೇ ಉತ್ತರ: “ಕಳ್ಳರಿದಾರೆ, ಹುಡುಕ್ತಿದೀವಿ.” ಯಾರು ಕಳ್ಳ ಎಂದರೆ ಮಾತಿಲ್ಲ. ಒಂದು ವರ್ಷ ನಮ್ಮ ಕಂಕುಳು ತೊಡೆಗಳನ್ನೆಲ್ಲ ತಡಕಿದರೂ ಕಂಪನಿಗೆ ಹೇಳಲು ಒಂದು ಹೆಸರು ಸಿಕ್ಕಿರಲಿಲ್ಲ. ಒಂದು ಹೆಸರು ಬೇಕಾಗಿತ್ತು.

ಅಂಥ ದಿನಗಳಲ್ಲಿ ಹನೋರಾ ಪಿನ್ನು ಹಾಕಿಕೊಂಡು ಹೊರಟಳು. ನಡು ಬೀದಿಯಲ್ಲಿ ವಾದ್ಯದವರು ಊದುತ್ತಿದ್ದರು, ಊರೆಲ್ಲ ಅಲ್ಲೇ ಇತ್ತು. ಅವಳು ನಮ್ಮ ಹದಿನಾಲ್ಕು ಜನ ಗಣಿಯಾಳುಗಳಿಗೆ ಊಟ ವಸತಿ ಕೊಡುವ ಯಜಮಾನಿ. ಐರ್ಲೆಂಡಿನವಳು, ಮೂವತ್ತನಾಲ್ಕರವಳು, ಮದುವೆಯಿಲ್ಲ. ಚಿನ್ನದ ಕಳವಿನ ಪತ್ತೇದಾರ ಹಾರ್ಕಸ್ ಗುಂಪು ಸೀಳಿಕೊಂಡು ಬಂದ. ಅವನ ಟೋಪಿ ಸರ್ಕಾರದ್ದು, ಸಂಬಳ ಕಂಪನಿಯದು.

“ಏನ್ ಮಿಸ್ ಕ್ವಿಲ್ಟಿ, ಇವತ್ತು ಜೋರಾಗಿದೀರಿ?”

“ಭಾನುವಾರ ಅಲ್ವಾ ಹಾರ್ಕಸ್. ನೀನೂ ಮುಖ ತೊಳ್ಕೊಂಡಿದೀಯ, ಯಾಕೇಂತ ನಾನ್ ಕೇಳಿದ್ನಾ?”

ಜನ ನಕ್ಕರು. ಅವನು ನಗಲಿಲ್ಲ.

“ಎದೆ ಮೇಲೇನದು?”

“ಕಣ್ಣು ನೆಟ್ಟಗೆ ಅಲ್ಲಿಗೇ ಹೋಯ್ತು ನೋಡು. ಪಿನ್ನು.”

“ಚಿನ್ನದ್ದು?”

“ಹಿತ್ತಾಳೆ ಬೇಕಿದ್ರೆ ಅಲ್ಲಿ ಊದ್ತಿದಾರೆ, ಹೋಗಿ ಹಿಡ್ಕೊ.”

“ಯಾರು ಕೊಟ್ಟಿದ್ದು?”

“ಓದೋಕ್ ಬರಲ್ವಾ? ಕೆಳಗೆ ಕೊರೆದಿದೆ. ಡಿಗರಿ ನಾನ್ಸ್.”

ವಾದ್ಯ ನಿಂತಿತೋ ನನಗೇ ಕೇಳಿಸದೆ ಹೋಯಿತೋ ಗೊತ್ತಿಲ್ಲ. ಡಿಗರಿ ನಾನ್ಸ್ ನಮ್ಮ ಜೊತೆ ಕೆಳಗಿಳಿಯುತ್ತಿದ್ದ ಕಾರ್ನ್‌ವಾಲಿನ ಆಳು. ಹನೋರಾಳನ್ನು ಮದುವೆಯಾಗಬೇಕಾಗಿದ್ದವನು.

“ಅವನು ಸತ್ತು ಎರಡು ವರ್ಷ ಆಯ್ತಲ್ಲ,” ಎಂದ ಹಾರ್ಕಸ್.

“ಸತ್ತಿದ್ದಲ್ಲ. ಗಣಿ ಮೇಲ್ಛಾವಣಿಗೆ ಮರ ನಿಲ್ಸೋ ಖರ್ಚು ನಿಮ್ಮೋರು ಉಳಿಸಿದ್ರು.”

ಹಾರ್ಕಸ್ ಕೈ ಚಾಚಿದ. ಅವಳು ತಾನೇ ಪಿನ್ನು ಬಿಚ್ಚಿ ಅವನ ಅಂಗೈಗೆ ಹಾಕಿದಳು. “ಜೋಪಾನ,” ಎಂದಳು. “ಇದನ್ನ ವಾಪಸ್ ಕೊಡೋನೂ ನೀನೇ.”

*

ಮಾರನೆಯ ದಿನ ಮಧ್ಯಾಹ್ನ ಹಾರ್ಕಸ್ ಮತ್ತೆ ಬಂದ. ನಾವು ಕುರಿಮಾಂಸದ ಸಾರಿಗೆ ಬ್ರೆಡ್ಡು ಅದ್ದಿ ತಿನ್ನುತ್ತಿದ್ದೆವು. ಹನೋರಾಳ ಮನೆಯೆಂದರೆ ಗೋಣಿತಟ್ಟಿನ ಗೋಡೆ, ತಗಡಿನ ಮಾಡು. ಇಡೀ ಮನೆಯಲ್ಲಿ ಗಟ್ಟಿ ಎನ್ನುವಂಥದ್ದು ಅಡುಗೆಯ ದೊಡ್ಡ ಕಲ್ಲೊಲೆ ಒಂದೇ. ಡಿಗರಿ ಕಟ್ಟಿಕೊಟ್ಟದ್ದು.

ಹಾರ್ಕಸ್ ಕೈಯಲ್ಲಿ ಸಮನ್ಸು ಇತ್ತು. ದನಿಯಲ್ಲಿ ಮಾತ್ರ ಜೇನು.

“ನೋಡಿ ಮಿಸ್ ಕ್ವಿಲ್ಟಿ, ಗಾರ್ಸೈಡ್ ಸಾಹೇಬ್ರು ಕಟುಕರಲ್ಲ. ಒಂದ್ ಮಾತು ಹೇಳ್ಬಿಡಿ. ‘ಡಿಗರಿ ಗಣಿಯಿಂದ ತಂದ್ಕೊಟ್ಟ, ಕದ್ದಿದ್ದು ಅಂತ ನಂಗೆ ಗೊತ್ತಿರ್ಲಿಲ್ಲ.’ ಅಷ್ಟೇ. ಪಿನ್ನೂ ವಾಪಸ್, ಜೈಲೂ ಇಲ್ಲ. ಸತ್ತೋನನ್ನ ಯಾರೂ ಹಿಡ್ಕೊಂಡು ಹೋಗಲ್ಲ.”

“ಹೇಳ್ದೇ ಇದ್ರೆ?”

“ಆರು ತಿಂಗಳು. ನಿಮ್ ಈ ಅಡಿಗೆಮನೆ ಅಷ್ಟ್ ದಿನ ನಿಲ್ಲುತ್ತಾ?”

ಹನೋರಾ ಸೌಟು ಕೆಳಗಿಡಲಿಲ್ಲ. “ಹಾರ್ಕಸ್, ಅವನ ಮೇಲೆ ಬಂಡೆ ಬಿತ್ತಲ್ಲ, ಆವತ್ತು ನಿಮ್ ಕಂಪನಿ ಏನಂತು? ಹೋಗ್ಬಾರದ ಕಡೆ ಹೋದ, ಅವನದೇ ತಪ್ಪು ಅಂತು. ಸಾಯ್ಸಿದಾಗ ಬೇಜವಾಬ್ದಾರಿಯೋನ್ ಮಾಡಿದ್ರಿ. ಈಗ ಕಳ್ಳನ್ ಮಾಡ್ತೀರಿ. ಇನ್ನೂ ಎಷ್ಟ್ ಸಲ ಹೂಳ್ತೀರಪ್ಪ ಅವನನ್ನ?”

“ನಿಮ್ ಒಳ್ಳೇದಕ್ಕೇ...”

“ಸಾರು ಬಿಸಿಯಾಗಿದೆ. ಮೈ ಮೇಲೆ ಚೆಲ್ಲೋ ಮುಂಚೆ ಹೋಗು.”

ಅವನು ಹೋದ. ಆದರೆ ಅವನು ಹೇಳಿದ್ದನ್ನೇ ಹೇಳಲು ನಮ್ಮವರು ಸಾಲಾಗಿ ಬಂದರು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಬರೆಯಲೇಬೇಕು. ಸಂಘದ ಕಾರ್ಯದರ್ಶಿ ಬಂದು, ವ್ಯವಹಾರ ನೋಡಿಕೊಂಡು ಮಾತಾಡಮ್ಮ ಎಂದ. ಆನಿಸ್ ಪೆನ್‌ಹೇಲ್ ಬಂದು ಒಲೆ ಮುಂದೆ ಕುಕ್ಕರಿಸಿದಳು.

“ಸತ್ತೋನಿಗೆ ಜೈಲಿಲ್ಲ ಕಂದಾ. ಡಿಗರಿ ಬದುಕಿದ್ದಿದ್ರೆ ಅವನೇ ಹೇಳ್ತಿದ್ದ, ನನ್ ಮೇಲೆ ಹಾಕಿ ನೀನು ಬಚಾವಾಗು ಅಂತ.”

“ಹೌದು ಆನಿಸಮ್ಮ, ಹೇಳ್ತಿದ್ದ. ಅದಕ್ಕೇ ಹಾಕಲ್ಲ.”

“ಎಲ್ಲಾರೂ ಕದೀತಾರೆ ಕಣೇ. ಕಂಪನಿ ಕದಿಯಲ್ವಾ?”

“ಬೇರೆಯೋರು ಕದೀಲಿ, ಅದು ಅವರ ಹಕ್ಕು. ಇವನು ಕದೀಲಿಲ್ಲ. ಮಾಡ್ದೇ ಇರೋದನ್ನ ಮಾಡ್ದ ಅಂದ್ಬಿಟ್ರೆ, ನಾಳೆ ಹಾರ್ಕಸ್ ಎದೆ ಉಬ್ಬಿಸ್ಕೊಂಡು ಹೇಳ್ತಾನೆ, ಸಿಕ್ದ ಕಳ್ಳ, ಅವನ ಹೆಂಡ್ತಿಯಾಗೋಳೇ ಒಪ್ಕೊಂಡ್ಳು ಅಂತ. ಆಮೇಲೆ ನಮ್ ಹುಡುಗ್ರನ್ನ ಸಾಯೋತನಕ ಬಟ್ಟೆ ಬಿಚ್ಚಿಸ್ತಾರೆ. ಡಿಗರಿ ಹೆಸರಲ್ಲಿ ಬಿಚ್ಚಿಸ್ತಾರೆ.”

ಆಗ ನಾನು ಕೇಳಿಯೇಬಿಟ್ಟೆ: “ಯಜಮಾನಿ, ಕದ್ದಿಲ್ಲ ಅಂದ್ರೆ ಚಿನ್ನ ಎಲ್ಲಿಂದ ಬಂತು?”

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. “ಎಮ್ರಿಸ್, ನಿನ್ನ ಬಾಯಿ ಏನ್ ವಾಸನೆ?”

ಊಟದ ಮನೆಯೆಲ್ಲ ಗೊಳ್ಳೆಂದಿತು. ನಮ್ಮ ಮನೆಯ ಬೆಳ್ಳುಳ್ಳಿ ವಾಸನೆ ಊರಿಗೇ ನಗೆಪಾಟಲು. ಹನೋರಾ ಅಡುಗೆಗೆ ಒಂದು ಎಸಳು ಬೆಳ್ಳುಳ್ಳಿ ಹಾಕಿದವಳಲ್ಲ, ಆದರೂ ನಮ್ಮ ಹದಿನಾಲ್ಕು ಜನರ ಉಸಿರು, ಬೆವರು ಎಲ್ಲ ಬೆಳ್ಳುಳ್ಳಿ. ಕುಣಿತಕ್ಕೆ ಹೋದರೆ ಹುಡುಗಿಯರು ಮೂಗು ತಿರುವುತ್ತಿದ್ದರು. ಸೌದೆ ಕಡಿಯುವ ಇಟಲಿಯವರು ಒಮ್ಮೆ ವಾಸನೆ ಹಿಡಿದು ಬಂದು, ಅಕ್ಕಾ, ನಮಗೂ ಎರಡು ಗಡ್ಡೆ ಕೊಡಿ ಎಂದು ಬೇಡಿದ್ದರು.

“ನಗ್ಬೇಡ್ರೋ,” ಎಂದಳು. ಕೆಂಡ ಒಂದು ಮಗ್ಗುಲಿಗೆ ಎಳೆದು, ಏಪ್ರನ್ನು ಕೈಗೆ ಸುತ್ತಿಕೊಂಡು, ಒಲೆಯ ಒಳಗೋಡೆಯ ಕಲ್ಲಿಗೆ ದೀಪ ಹಿಡಿದಳು. “ಬಗ್ಗಿ ನೋಡು.”

ಬಗ್ಗಿ ನೋಡಿದೆ. ಕಪ್ಪು ಕಲ್ಲಿನ ಮೈಮೇಲೆ ಅಲ್ಲಲ್ಲಿ ಹಳದಿ ಹನಿಗಳು. ಸಾಸಿವೆ ಕಾಳಿನಷ್ಟು, ಕೆಲವು ಅದಕ್ಕಿಂತ ಸಣ್ಣ. ಜ್ವರ ಬಿಟ್ಟವನ ಹಣೆ ಬೆವರಿದ ಹಾಗೆ ಕಲ್ಲು ಬೆವರಿತ್ತು.

“ಡಿಗರಿ ಹೋಗಿ ಆರು ತಿಂಗಳಿಗೆ, ಬೂದಿ ಕೆರೆಯೋವಾಗ ಮೊದಲ್ನೇ ಕಾಳು ಸಿಕ್ತು. ಆಮೇಲೆ ವಾರಕ್ಕೆ ಒಂದೋ ಎರಡೋ. ಬಟನ್ ಡಬ್ಬಿಗೆ ಹಾಕ್ತಾ ಬಂದೆ. ಪಿನ್ನು ಕೊಡ್ಸ್ತೀನಿ ಅಂದಿದ್ದ, ಕೊಡ್ಸೋ ಮುಂಚೆ ಹೋದ. ಈಗ ಕೊಡ್ತಿದಾನೆ ಅನ್ನಿಸ್ತು. ಡಬ್ಬಿ ತುಂಬಿದ್ಮೇಲೆ ಅಕ್ಕಸಾಲಿ ಒಟ್ಟೊ ಲಾಮ್ ಹತ್ರ ಕೊಟ್ಟು ಮಾಡಿಸ್ದೆ.”

ಆ ಕಲ್ಲು ನನಗೆ ಗೊತ್ತಿತ್ತು. ನಮಗೆಲ್ಲ ಗೊತ್ತಿತ್ತು. ಗಣಿ ತೋಡಿದ ಮೊದಲ ವರ್ಷಗಳಲ್ಲಿ ಬಂಡಿಗಟ್ಟಲೆ ಬರುತ್ತಿದ್ದ ಮಂಕು ಕಲ್ಲು ಅದು. ನಡುವೆ ಹಿತ್ತಾಳೆ ಬಣ್ಣದ ಮಾಸಲು ಗೆರೆ. ಕಾಗೆ ಬಂಗಾರ ಎಂದು ಕರೆದು ಕಸದ ರಾಶಿಗೆ ಸುರಿಯುತ್ತಿದ್ದೆವು. ರಾಶಿ ಗುಡ್ಡವಾಯಿತು. ಬೇಕಾದವರು ಒಯ್ಯಿರಿ ಎಂದು ಕಂಪನಿಯೇ ಹಲಗೆ ನೆಟ್ಟಿತು. ಜನ ಒಲೆ ಕಟ್ಟಿದರು, ಮೆಟ್ಟಿಲು ಹಾಕಿದರು, ರಸ್ತೆಯ ಗುಂಡಿ ಮುಚ್ಚಿದರು. ಚಿನ್ನ ಹುಡುಕಿಕೊಂಡು ಭೂಮಿಯ ಆಚೆ ತುದಿಯಿಂದ ಹಡಗು ಹತ್ತಿ ಬಂದವರು ಚಿನ್ನದ ಮೇಲೆ ಗಾಡಿ ಓಡಿಸಿಕೊಂಡು ಇನ್ನಷ್ಟು ಆಳಕ್ಕೆ ತೋಡುತ್ತಿದ್ದೆವು.

ನನಗೆ ಆಗ ಇನ್ನೊಂದು ವಿಷಯ ಹೊಳೆಯಿತು. ಕಳೆದ ಕೆಲವು ತಿಂಗಳಿಂದ ಕಂಪನಿಯವರು ದುರಸ್ತಿಯ ನೆಪ ಹೇಳಿ ಗಣಿಯ ರಸ್ತೆಯ ಕಲ್ಲುಗಳನ್ನು ಕಿತ್ತು ಒಳಗೆ ಸಾಗಿಸುತ್ತಿದ್ದರು. ಒಳ್ಳೆಯ ರಸ್ತೆ, ಯಾಕೆ ಅಗೆಯುತ್ತಾರೆ ಎಂದು ನಾವು ಬೈದುಕೊಂಡಿದ್ದೆವು.

“ಯಜಮಾನಿ, ಅವರಿಗೆ ಗೊತ್ತು!” ಎಂದೆ. “ಗೊತ್ತಾಗಿ ಬಾಯ್ ಮುಚ್ಕೊಂಡಿದಾರೆ. ನೀವು ಕೋರ್ಟಲ್ಲಿ ಈ ಮಾತು ಹೇಳಿದ್ರೆ, ಒಲೆ ನಮ್ದು ಅಂತ ಬಂದು ಕಿತ್ಕೊಂಡು ಹೋಗ್ತಾರೆ. ಒಲೆ ಇಲ್ದೆ ಹದಿನಾಲ್ಕು ಜನಕ್ಕೆ ಏನ್ ಮಾಡ್ತೀರಾ?”

“ಒಲೆ ಹೋದ್ರೆ ಅಂಗಳದಲ್ಲಿ ಮೂರು ಕಲ್ಲಿಡ್ತೀನಿ. ಅದಿರ್ಲಿ, ನೀನೂ ಡಿಗರಿನೂ ಜೊತೇಲಿ ಬಂಡಿ ಹೊಡೀತಿದ್ರಲ್ಲ. ಈ ಕಲ್ಲನ್ನ ಇನ್ನೆಲ್ಲೆಲ್ಲಿ ಹಾಕಿದ್ರಿ, ನೆನಪು ಮಾಡ್ಕೊ.”

ನೆನಪು ಮಾಡಿಕೊಂಡೆ. ಒಂದು ಜಾಗ ಹೇಳಿದಾಗ ಅವಳ ಮುಖದಲ್ಲಿ ಎರಡು ವರ್ಷಗಳ ಮೇಲೆ ಒಂದು ನಗು ಕಂಡಿತು. ಒಳ್ಳೆಯ ನಗುವೇನಲ್ಲ.

*

ಕೋರ್ಟು ಎಂದರೆ ಉದ್ದನೆಯ ತಗಡಿನ ಶೆಡ್ಡು. ಹಿಂದುಗಡೆ ಪೊಲೀಸು ಕುದುರೆಗಳಿಗೆ ಲಾಳ ಹೊಡೆಯುವ ಕುಲುಮೆ. ಆ ದಿನ ಒಳಗೆ ನೊಣಕ್ಕೂ ಜಾಗವಿರಲಿಲ್ಲ. ಮುಂದಿನ ಬೆಂಚಿನಲ್ಲಿ ಮ್ಯಾನೇಜರ್ ಗಾರ್ಸೈಡ್, ಮೊಣಕಾಲ ಮೇಲೆ ಬಿಳಿ ಟೋಪಿ. ಮ್ಯಾಜಿಸ್ಟ್ರೇಟರು ದಪ್ಪ ಮನುಷ್ಯ, ಬೆವರು ಒರೆಸಿಕೊಳ್ಳುತ್ತಲೇ ಇದ್ದರು.

“ಈ ಚಿನ್ನ ಎಲ್ಲಿಂದ ಬಂತು?”

“ನನ್ನ ಒಲೆಯಿಂದ ಸ್ವಾಮಿ.”

ನಗು. ಮ್ಯಾಜಿಸ್ಟ್ರೇಟರು ಮೇಜು ಕುಟ್ಟಿದರು. ಅವಳು ಎಲ್ಲವನ್ನೂ ಹೇಳಿದಳು: ಕಲ್ಲು, ಬೂದಿ, ಬಟನ್ ಡಬ್ಬಿ. ಒಟ್ಟೊ ಲಾಮ್‌ನನ್ನು ಕರೆದು ಕೇಳಿದರು. ಅವನು, ಹೌದು, ತಂದುಕೊಟ್ಟದ್ದು ಹನಿ ಹನಿ ಕಾಳುಗಳೇ ಎಂದ.

ಕಂಪನಿಯ ವಕೀಲ ಎದ್ದು, “ಇದು ಅಜ್ಜಿ ಕತೆ, ಸ್ವಾಮಿ. ಬೆಂಕಿ ಹಾಕಿದರೆ ಕಲ್ಲು ಚಿನ್ನ ಈಯುತ್ತದಂತೆ! ನಾಳೆ ಒಲೆಯ ಕಲ್ಲು ತಂದು ತೋರಿಸಿಯಾರು. ಅದರಲ್ಲಿ ಮೊದಲೇ ಕದ್ದ ಚಿನ್ನ ಮೆತ್ತಿರುವುದಿಲ್ಲ ಎಂದು ಏನು ನಂಬಿಕೆ?” ಎಂದ.

“ಸರಿಯಾಗ್ ಹೇಳಿದ್ರಿ,” ಎಂದಳು ಹನೋರಾ. “ನನ್ನ ಒಲೆ ಕಲ್ಲು ಬೇಡವೇ ಬೇಡ. ಆ ರಾಶಿಯ ಕಲ್ಲು ಇನ್ನೊಂದು ಕಡೆ ಇದೆ. ಗಾರ್ಸೈಡ್ ಸಾಹೇಬ್ರ ಬಂಗಲೆ ಗೇಟಿಂದ ಬಾಗಿಲ ತನಕ ಹಾಸಿದಾರೆ. ಅವರ ಮನೆಗೆ ನಾನು ಯಾವತ್ತೂ ಕಾಲಿಟ್ಟೋಳಲ್ಲ. ಅಲ್ಲಿಂದ ಒಂದು ಕಲ್ಲು ತರಿಸಿ. ಹಾರ್ಕಸ್ಸೇ ತರ್ಲಿ.”

ಗಾರ್ಸೈಡ್ ಎದ್ದುಬಿಟ್ಟ. ಟೋಪಿ ಕೆಳಗೆ ಬಿತ್ತು. “ನನ್ನ ಮನೆಯ ದಾರಿಯನ್ನು ಅಗೆಯುವುದಕ್ಕೆ... ಇದು ಅಸಂಬದ್ಧ!”

“ಒಂದೇ ಕಲ್ಲು ಸಾಹೇಬ್ರೆ,” ಎಂದು ಹಿಂದಿನಿಂದ ಯಾರೋ ಕೂಗಿದರು, “ನಮ್ಮನ್ನ ದಿನಾ ಪೂರ್ತಿ ಬಿಚ್ಚಿಸ್ತೀರಲ್ಲ!”

ನಗು ತಗಡಿನ ಮಾಡಿಗೆ ಬಡಿದು ವಾಪಸು ಬಿತ್ತು. ಮ್ಯಾಜಿಸ್ಟ್ರೇಟರು ಗಾರ್ಸೈಡನ ಮುಖವನ್ನೇ ನೋಡುತ್ತಿದ್ದರು. ದಡ್ಡರೇನಲ್ಲ ಅವರು. ಕಸದ ಕಲ್ಲಿಗೆ ಇಷ್ಟು ಗಾಬರಿ ಯಾಕೆ ಎಂದು ಅವರಿಗೂ ಅನ್ನಿಸಿರಬೇಕು. “ಹಾರ್ಕಸ್, ಹೋಗಿ ತನ್ನಿ,” ಎಂದರು.

ಅರ್ಧ ಗಂಟೆಯಲ್ಲಿ ಹಾರ್ಕಸ್ ತಲೆಯಷ್ಟು ದೊಡ್ಡ ಕಲ್ಲನ್ನು ಮಗುವಿನಂತೆ ಎದೆಗೊತ್ತಿಕೊಂಡು ಬಂದ. ಕೋರ್ಟಿಗೆ ಕೋರ್ಟೇ ಎದ್ದು ಹಿಂದಿನ ಕುಲುಮೆಗೆ ಹೋಯಿತು. ಕಮ್ಮಾರ ಕಲ್ಲನ್ನು ಒಡೆದು ಒಂದು ಚೂರನ್ನು ಕೆಂಡದಲ್ಲಿಟ್ಟು ತಿದಿ ಒತ್ತತೊಡಗಿದ.

“ಅಷ್ಟು ಜೋರು ಬೇಡಪ್ಪ,” ಎಂದಳು ಹನೋರಾ. “ಬ್ರೆಡ್ಡು ಬೇಯೋ ಉರಿ ಸಾಕು. ಕಲ್ಲಿಗೂ ಟೈಮ್ ಕೊಡ್ಬೇಕು.”

ಕಾದೆವು. ಕಲ್ಲು ಕೆಂಪಾಗಲು ಶುರುವಾಯಿತು, ಒಂದು ಬಿಳಿ ಹೊಗೆ ಎದ್ದಿತು. ಮೊದಲು ಮೂಗೆಳೆದವಳು ಆನಿಸ್ ಪೆನ್‌ಹೇಲ್.

“ಅಯ್ಯೋ ದೇವ್ರೆ! ಹನೋರಾಳ ಅಡಿಗೆಮನೆ!”

ಬೆಳ್ಳುಳ್ಳಿ. ಮ್ಯಾಜಿಸ್ಟ್ರೇಟರು ಕರವಸ್ತ್ರವನ್ನು ಮೂಗಿಗೆ ಹಿಡಿದರು. ವಾಸನೆ ಕಾದ ಕಲ್ಲಿನದೇ, ಒಲೆಯಿಂದ ನಮ್ಮ ಮೈಗೆ ಹತ್ತಿದ್ದು. ನಮ್ಮ ಹದಿನಾಲ್ಕು ಜನರ ಮಾನ ಉಳಿಸಿದ ಹೊಗೆ ಅದು. ಆವತ್ತಿನವರೆಗೂ ನಾವು ನಮ್ಮ ಹಲ್ಲುಗಳನ್ನೇ ಬೈದುಕೊಂಡಿದ್ದೆವು. ಹೊಗೆ ತೆಳುವಾಯಿತು. ಕಮ್ಮಾರ ಇಕ್ಕಳದಿಂದ ಕಲ್ಲನ್ನೆತ್ತಿ ಬೆಳಕಿಗೆ ತಿರುಗಿಸಿದ. ಮಾಸಲು ಗೆರೆ ಇದ್ದ ಜಾಗದಲ್ಲಿ ಸಾಲಾಗಿ ಹಳದಿ ಹನಿಗಳು ಉಬ್ಬಿ ನಿಂತಿದ್ದವು.

ನೂರಾರು ಜನ ಒಟ್ಟಿಗೆ ಸುಮ್ಮನಾದ ಸದ್ದನ್ನು ನಾನು ಗಣಿಯೊಳಗೆ ಮಾತ್ರ ಕೇಳಿದ್ದೆ, ಬಂಡೆ ಬಿದ್ದ ಮೇಲೆ.

ಒಳಗೆ ಬಂದು ಕೂತ ಕೂಡಲೇ ಕಂಪನಿಯ ವಕೀಲ ಮಗ್ಗುಲು ಬದಲಿಸಿದ. ಹಾಗಾದರೆ ಕಲ್ಲು ಕಂಪನಿಯ ರಾಶಿಯದು, ಒಲೆ ಕಂಪನಿಯದು, ಪಿನ್ನೂ ಕಂಪನಿಯದು ಎಂದ. ಹನೋರಾ ಅವನನ್ನು ನೋಡಲೇ ಇಲ್ಲ. ಗಾರ್ಸೈಡನನ್ನು ನೋಡಿದಳು.

“ಸ್ವಾಮಿ, ಸಾಹೇಬ್ರಿಗೆ ಒಂದು ಮಾತು ಕೇಳ್ಬಹುದಾ?”

ಮ್ಯಾಜಿಸ್ಟ್ರೇಟರು ತಲೆಯಾಡಿಸಿದರು.

“ಡಿಗರಿ ಆ ಕಲ್ಲನ್ನ ಬಂಡೀಲಿ ತರೋವಾಗ ಅದು ಏನು, ಸಾಹೇಬ್ರೆ? ಕಸಾನಾ, ಚಿನ್ನಾನಾ? ಕಸ ಅಂದ್ರೆ ಅವನು ಕಳ್ಳ ಅಲ್ಲ. ಚಿನ್ನ ಅಂದ್ರೆ, ಬೇಕಾದವರು ಒಯ್ಯಿರಿ ಅಂತ ಚಿನ್ನದ ಗುಡ್ಡದ ಮೇಲೆ ಹಲಗೆ ನೆಟ್ಟಿದ್ದು ಯಾರು? ಎರಡ್ರಲ್ಲಿ ಒಂದು ಹೇಳಿ. ಲಂಡನ್ನಲ್ಲಿ ಷೇರು ಹಿಡ್ಕೊಂಡು ಕೂತಿರೋರಿಗೂ ಕೇಳಿಸ್ಲಿ.”

ಗಾರ್ಸೈಡನ ಕತ್ತು ಕಾಲರಿನೊಳಗೆ ಕೆಂಪಾಯಿತು. ಪತ್ರಿಕೆಯವನು ಪೆನ್ಸಿಲ್ಲಿಗೆ ಎಂಜಲು ಹಚ್ಚಿಕೊಂಡು ಕಾಯುತ್ತಿದ್ದ. ಗಾರ್ಸೈಡ್ ಆ ಪೆನ್ಸಿಲ್ಲನ್ನು ನೋಡಿ, “ಕಸ,” ಎಂದ. ಆಮೇಲೆ, “ಆ ಒಲೆಯ ಮೇಲೆ ಕಂಪನಿಗೆ ಹಕ್ಕಿಲ್ಲ,” ಎಂದ. ಟೋಪಿ ಎತ್ತಿಕೊಂಡು ಹೊರಟುಹೋದ. ಆವತ್ತೇ ಸಂಜೆ ಅವನ ಬಂಗಲೆಯ ದಾರಿಯನ್ನು ಕೊನೆಯ ಕಲ್ಲಿನವರೆಗೆ ಕಿತ್ತರು ಎನ್ನುವುದು ಬೇರೆ ಮಾತು.

“ಮೊಕದ್ದಮೆ ವಜಾ,” ಎಂದರು ಮ್ಯಾಜಿಸ್ಟ್ರೇಟರು. “ಪಿನ್ನನ್ನು ಹಿಂದಿರುಗಿಸಿ.”

ನಾವು ಟೋಪಿ ಎಸೆದೆವು. ಗುಮಾಸ್ತ ಪಿನ್ನನ್ನು ಮೇಜಿನ ಮೇಲಿಟ್ಟು ಸಹಿಗೆ ಕಾಗದ ಮುಂದಿಟ್ಟ. ಹನೋರಾ ಕಾಗದವನ್ನು ಮೇಲಿನಿಂದ ಕೆಳಗೆ ಓದಿದಳು. ಅದರಲ್ಲಿ ಅವಳ ಹೆಸರಿತ್ತು, ಪಿನ್ನಿನ ತೂಕವಿತ್ತು.

“ಡಿಗರಿ ಎಲ್ಲಿ?”

“ಏನು?”

“ಸಮನ್ಸಲ್ಲಿ ಅವನ ಹೆಸರಿತ್ತು. ‘ಡಿಗರಿ ನಾನ್ಸ್ ಎಂಬುವನು ಕದ್ದು ತಂದ ಚಿನ್ನ’ ಅಂತ ಬರೆದಿದ್ರಿ. ಈಗ ಅವನು ಕಳ್ಳ ಅಲ್ಲ ಅಂತ ಬರೀರಿ.”

ಮ್ಯಾಜಿಸ್ಟ್ರೇಟರು ಆಗಲೇ ಏಳುತ್ತಿದ್ದರು. “ಸತ್ತವರು ಈ ಕೋರ್ಟಿನ ಕಕ್ಷಿದಾರರಲ್ಲಮ್ಮ. ನಿಮ್ಮ ವಸ್ತು ನಿಮಗೆ ಸಿಕ್ಕಿತಲ್ಲ, ಮನೆಗೆ ಹೋಗಿ.”

“ಕಳ್ಳ ಅನ್ನೋಕೆ ಸತ್ತೋನು ಆಗ್ತಾನೆ. ಅಲ್ಲ ಅನ್ನೋಕೆ ಆಗಲ್ವಾ?” ಅವಳು ಪಿನ್ನನ್ನು ಒಂದು ಬೆರಳಲ್ಲಿ ಮೇಜಿನ ಆಚೆಗೆ ತಳ್ಳಿದಳು. “ಬರೆದ್ಮೇಲೆ ಕೊಡಿ.”

ತಿರುಗಿ ನಡೆದುಬಿಟ್ಟಳು. ಆನಿಸ್ ಹಿಂದೆ ಓಡಿದಳು. “ತಗೊಳ್ಳೇ ಹುಚ್ಚಿ! ಗೆದ್ದಿದೀಯ!”

“ಚಿನ್ನ ಗೆದ್ದಿದೆ ಆನಿಸಮ್ಮ. ಅವನಿನ್ನೂ ಗೆದ್ದಿಲ್ಲ.”

*

ಊರು ಬದಲಾಯಿತೇ? ಬಟ್ಟೆ ಕೋಣೆಯ ಬೆತ್ತಲೆ ತಪಾಸಣೆ ಮಾರನೆಯ ದಿನವೇ ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ನಿಲ್ಲಲಿಲ್ಲ. ಆದರೆ ಬಿಚ್ಚು ಎಂದಾಗ, ‘ಯಾರು ಕದ್ದ? ಹೆಸರು ಹೇಳು’ ಎಂದು ಕೇಳುವವರು ದಿನಕ್ಕೊಬ್ಬರು ಹೆಚ್ಚಿದರು. ಮುಂದಿನ ಭಾನುವಾರ ಕೋಳಿಗೂಡುಗಳ ಕೆಳಗಿಂದ, ಲಂಗದ ಅಂಚುಗಳಿಂದ ಪಿನ್ನುಗಳೆಲ್ಲ ಹೊರಬಂದವು. ಆನಿಸ್ ತನ್ನದನ್ನು, ಸುಟ್ಟ ಕಲೆಯ ಸಮೇತ, ಟೋಪಿಯ ಮುಂದುಗಡೆಗೇ ಸಿಕ್ಕಿಸಿಕೊಂಡಳು. ಬೀದಿಯಲ್ಲಿ ಎದೆಯ ಮೇಲೆ ಪಿನ್ನಿಲ್ಲದೆ ನಡೆದವಳು ಹನೋರಾ ಒಬ್ಬಳೇ.

ಕೋರ್ಟಿನವರಿಗೆ ಪಿನ್ನು ಗಂಟಲ ಮುಳ್ಳಾಯಿತು. ವಜಾ ಆದ ಮೊಕದ್ದಮೆಯ ವಸ್ತುವನ್ನು ಇಟ್ಟುಕೊಳ್ಳುವಂತಿಲ್ಲ, ಸಹಿ ಇಲ್ಲದೆ ಬಿಟ್ಟುಬಿಡುವಂತೆಯೂ ಇಲ್ಲ. ಪ್ರತಿ ಮಂಗಳವಾರ ಅದನ್ನು ಲಕೋಟೆಯಲ್ಲಿ ಹಾಕಿ ಹಾರ್ಕಸ್‌ನ ಕೈಯಲ್ಲಿ ಕಳಿಸುತ್ತಿದ್ದರು. ಹಾರ್ಕಸ್ ಕೆಂಧೂಳಿನಲ್ಲಿ ಮೈಲಿ ನಡೆದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

“ಬರೆದಿದಾರಾ?”

“ಇಲ್ಲ.”

“ಹಾಗಾದ್ರೆ ಬಂದ ದಾರಿ ಗೊತ್ತಲ್ಲ.”

ಮೂರನೆಯ ಸಲ ಒಂದು ಸಾಲು ಬರೆಸಿಕೊಂಡು ಬಂದ: ‘ಸದರಿ ಚಿನ್ನವು ಕಳವಿನ ಮಾಲಲ್ಲ.’ ಹನೋರಾ ಓದಿದಳು. “ಚಿನ್ನದ ಮಾನ ಉಳಿಸಿದೀರಿ. ಮನುಷ್ಯನದು?” ಅವನು ವಾಪಸು ಹೋದ. ಬೀದಿಯ ಮಕ್ಕಳು ಅವನನ್ನು ಕಂಡರೆ, “ಹಾರ್ಕಸ್ ಮಾವ, ಪಿನ್ನು ಹಾಕ್ಕೊಂಡಿಲ್ವಾ?” ಎನ್ನುತ್ತಿದ್ದರು.

ಏಳನೆಯ ಮಂಗಳವಾರ ಬಿಸಿಲು ತಗಡನ್ನು ಬಾಗಿಸುವಂತಿತ್ತು. ನಾವು ಊಟಕ್ಕೆ ಕೂತಿದ್ದೆವು. ಹಾರ್ಕಸ್ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು, ಲಕೋಟೆಯನ್ನು ಮೇಜಿನ ಮೇಲೆ ಹಾಕಿ, ಟೋಪಿ ತೆಗೆದು ಕೂತುಬಿಟ್ಟ.

“ಅವರು ಬರೆಯಲ್ಲ, ಮಿಸ್ ಕ್ವಿಲ್ಟಿ. ಮ್ಯಾಜಿಸ್ಟ್ರೇಟರು ಬರೆಯಲ್ಲ, ಗುಮಾಸ್ತ ಬರೆಯಲ್ಲ. ಗಾರ್ಸೈಡ್ ಸಾಹೇಬ್ರನ್ನ ಕೇಳಿದ್ರೆ ಹೊಡೆಯೋಕೇ ಬಂದ್ರು. ನಾನೇನ್ ಸಾಯ್ಲಾ?”

“ನಿಂಗೆ ಬರೆಯೋಕ್ ಬರಲ್ವಾ?”

ಅವನು ತಲೆಯೆತ್ತಿದ. “ನಾನ್ ಬರೆದ್ರೆ ಅದಕ್ಕೇನ್ರೀ ಬೆಲೆ?”

“ಡಿಗರಿ ಕದ್ದ ಅಂತ ದೂರು ಬರೆದ್ಯಲ್ಲ, ಅದಕ್ಕೆ ಬೆಲೆ ಇತ್ತಲ್ವಾ? ಅದೇ ಕೈ.”

ಹಾರ್ಕಸ್ ನಮ್ಮೆಲ್ಲರ ಮುಖ ನೋಡಿದ. ಯಾರೂ ತಿನ್ನುತ್ತಿರಲಿಲ್ಲ. ನಾನು ನನ್ನ ಪೆನ್ಸಿಲ್ಲನ್ನು ಅವನ ಕಡೆ ಉರುಳಿಸಿದೆ. ಹನೋರಾ ಅದನ್ನು ನನ್ನತ್ತ ವಾಪಸು ಉರುಳಿಸಿ, ಶಾಯಿ ದೌತಿ ತಂದಿಟ್ಟಳು.

“ಅಳಿಸಿ ಹೋಗೋದು ಬೇಡ.”

ಅವನು ಲಕೋಟೆಯನ್ನು ಹರಿದು, ಅದರ ಒಳಮೈ ಮೇಲೆ ಬರೆಯತೊಡಗಿದ. ಬರೆದು ಸಹಿ ಹಾಕಿದ. ಹುದ್ದೆಯನ್ನೂ ಬರೆ ಎಂದಳು, ಬರೆದ. ಕಾಗದವನ್ನು ಅವಳತ್ತ ಚಾಚಿದ.

ಅವಳು ತೆಗೆದುಕೊಳ್ಳಲಿಲ್ಲ. “ಓದು.”

ಅವನು ಗಂಟಲೊಳಗೇ ಏನೋ ಗೊಣಗಿದ.

“ಕೇಳಿಸ್ಲಿಲ್ಲ. ನಡುಬೀದೀಲಿ ಕೂಗಿ ಕೇಳಿದ್ದೆ ನನ್ನ. ಎದ್ದು ನಿಂತ್ಕೊಂಡು ಓದು.”

ಕುರ್ಚಿ ಹಿಂದಕ್ಕೆ ಸರಿಯಿತು. ಹಾರ್ಕಸ್ ಎದ್ದು ನಿಂತ. ಈ ಸಲ ದನಿ, ಗೋಣಿತಟ್ಟಿನ ಗೋಡೆ ದಾಟಿ ಆನಿಸ್ ಪೆನ್‌ಹೇಲ್‌ಳ ಅಂಗಳದವರೆಗೆ ಹೋಯಿತು.

“ಡಿಗರಿ ನಾನ್ಸ್ ಕಳ್ಳನಲ್ಲ. ಅವನನ್ನು ಕಳ್ಳನೆಂದು ಬರೆದವನು ನಾನು. ನಾನು ಬರೆದದ್ದು ಸುಳ್ಳು.”

“ಇನ್ನೊಂದ್ ಸಲ,” ಎಂದಳು ಹನೋರಾ.